ಹತ್ಯಾರ ಮಲಗಿದ ದಿನ

ಊರಿನ ಫೋನಿನ ಗಂಟೆ ಬೇರೆ, ಪರಊರಿನ ಟ್ರಂಕ್ ಕಾಲಿನ ಗಂಟೆ ಬೇರೆ. ಟ್ರಂಕ್ ಕಾಲ್ ಬಂದರೆ ಗಂಟೆ ಉಸಿರು ಬಿಡದೆ ಬಾರಿಸುತ್ತದೆ. ಆಯುಧಪೂಜೆಯ ಖಂಡೇನವಮಿಯ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಕೊಲ್ಹಾಪುರದ ಶಾಹುಪುರಿಯ ಔಷಧದ ಅಂಗಡಿಯಲ್ಲಿ ಅಂಥ ಗಂಟೆ ಬಾರಿಸತೊಡಗಿದಾಗ ಒಳಗಿದ್ದವಳು ಹೌಸಾ ಒಬ್ಬಳೇ. ಪೂಜೆಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಮಾಲೀಕ ಕಾಕಾಸಾಹೇಬರು ಮೇಲಿನ ಮಾಳಿಗೆಯಲ್ಲಿ ನಾಷ್ಟಾಕ್ಕೆ ಕೂತಿದ್ದರು. ಹಮಾಲ ತಾತೋಬಾ ಹೊರಗೆ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ.

ಹೌಸಾ ಫೋನು ಎತ್ತುವವಳಲ್ಲ. ಗಡಹಿಂಗ್ಲಜದ ಶಾಲೆ ಏಳನೆಯದಕ್ಕೇ ಬಿಟ್ಟು, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಈ ಅಂಗಡಿಗೆ ಕಸ ಹೊಡೆಯಲು ಬಂದವಳು. ಕೆಲಸದಲ್ಲಿ ತಪ್ಪು ಮಾಡುವುದಿಲ್ಲ ಎಂಬುದನ್ನು ಕಂಡು ಮೂರು ವರ್ಷದಿಂದ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು. ದಿನಕ್ಕೆ ನೂರಾರು ಚೀಟಿ ಟೈಪ್ ಮಾಡುತ್ತಿದ್ದಳು, ಹತ್ತು ಮಾತು ಆಡುತ್ತಿರಲಿಲ್ಲ. ಗಂಟೆ ನಿಲ್ಲಲಿಲ್ಲ. ಎತ್ತಿದಳು.

"ಕಾಕಾಸಾಹೇಬ ಅದಾರೇನು? ನಾ ಗಡಹಿಂಗ್ಲಜದಿಂದ ಡಾಕ್ಟರ ಭೂಪಾಲ. ಯಾರದು? ಅಲ್ಲಾ, ಯಾರದು ಮಾತಾಡ್ರಿ!"

"ನಾ… ಹೌಸಾ ರೀ."

"ಹೌಸಾ, ಲಕ್ಷ್ಯಗೊಟ್ಟ ಕೇಳು. ನೀವು ಕಳಿಸಿದ ಸಲೈನ್ ಬಾಟ್ಲಿ, ಲಾಟ್ ನಂಬರ ನಾಲ್ಕನೂರಾ ಹದಿನೇಳು. ನಿನ್ನೆ ಇಬ್ಬರಿಗೆ ಹಚ್ಚೇನಿ. ಅರ್ಧಾ ತಾಸಿನ್ಯಾಗ ಮೈ ನಡುಗಾಕ ಹತ್ತಿ, ಹಾಸಿಗಿ ಸೈತ ನಡುಗಿತು. ಒಬ್ಬಾಂವ ಬೆಳಿಗ್ಗೆ ಹ್ವಾದಾ. ಒಂದ ಹುಡಿಗಿ ಅದಾಳ, ಆದ್ರ ಹೆಂಗ ಅದಾಳ ಅಂತ ಕೇಳಬ್ಯಾಡ. ಉಳಿದ ಬಾಟ್ಲಿ ಬೆಳಕಿಗೆ ಹಿಡದ ನೋಡಿದೆ. ಒಳಗ ಬೂಸರ ಎಳಿ ತೇಲಾಕತ್ತಾವ. ಆ ಲಾಟು ಎಲ್ಲೆಲ್ಲಿ ಕೊಟ್ಟೀರಿ, ಅವರಿಗೆಲ್ಲ ಈಗಿಂದೀಗ ಹೇಳ್ರಿ. ಯಾರೂ ಹಚ್ಚಬಾರದು. ತಿಳೀತಿಲ್ಲೋ?"

"ತಿಳೀತ್ರಿ."

ಬರೆದುಕೊಳ್ಳಲು ಪೆನ್ನಿರಲಿಲ್ಲ. ಪೆನ್ನುಗಳೂ ಪೂಜೆಯ ಮಣೆಯ ಮೇಲಿದ್ದವು. ನಾಲ್ಕು ನೂರಾ ಹದಿನೇಳು ಎಂದು ಬಾಯಲ್ಲಿ ಅನ್ನುತ್ತಲೇ ಮಾಳಿಗೆಯ ಮೆಟ್ಟಿಲು ಹತ್ತಿದಳು.

ಕಾಕಾಸಾಹೇಬರು ಕೈ ತೊಳೆಯದೆ ಇಳಿದು ಬಂದರು. ಅರವತ್ತು ದಾಟಿದ ಜೀವ, ಮೆಟ್ಟಿಲು ಇಳಿಯುವಷ್ಟರಲ್ಲಿ ದಮ್ಮು ಹತ್ತಿತ್ತು. ಚಂದಗಡದ ಮೂಲೆಯಿಂದ ಇಚಲಕರಂಜಿಯ ತನಕ ಇನ್ನೂರಾ ಅರವತ್ತು ದವಾಖಾನೆಗಳಿಗೆ ಅವರ ಅಂಗಡಿಯಿಂದ ಮಾಲು ಹೋಗುತ್ತಿತ್ತು. ಬಿಲ್ಲಿನ ಕಾರ್ಬನ್ ಕಟ್ಟು ತೆಗೆದು ನಾಲ್ಕು ಹಾಳೆ ತಿರುವಿದರು, ಐದನೆಯದಕ್ಕೆ ನಿಂತರು. ಬಿಲ್ಲಿನಲ್ಲಿ 'ಸಲೈನ್, ಹನ್ನೆರಡು ಬಾಟ್ಲಿ' ಎಂದಷ್ಟೇ ಇತ್ತು. ಯಾವ ಲಾಟಿನವು ಎಂಬುದು ಇರಲಿಲ್ಲ. ಲಾಟ್ ನಂಬರು ಗೋಡೌನಿನ ಚೀಟಿಯಲ್ಲಿ ಇರುತ್ತಿತ್ತು, ಆ ಚೀಟಿ ನೋಡಿ ಹೌಸಾ ಕಂಪ್ಯೂಟರಿಗೆ ಹಾಕುತ್ತಿದ್ದಳು, ಹಾಕಿದ ಮೇಲೆ ಚೀಟಿ ರದ್ದಿಗೆ ಹೋಗುತ್ತಿತ್ತು.

"ಎಲ್ಲಿ ಹೋಗ್ಯಾವ ಅನ್ನೂದು ಆ ಡಬ್ಬಿಗಷ್ಟ ಗೊತ್ತು, ಹೌದಲ್ಲೋ?" ಎಂದು ಕೇಳಿದರು ಕಾಕಾಸಾಹೇಬರು.

"ಹೌದ್ರಿ."

"ಕೇಳು ಮತ್ತ ಅದಕ್ಕ!"

ಕಂಪ್ಯೂಟರು ಹಿಂದಿನ ಕೋಣೆಯಲ್ಲಿತ್ತು. ತೆರೆಯ ಮೇಲೆ ಅರಿಶಿಣ ಕುಂಕುಮದ ಐದು ಬೊಟ್ಟು, ಕೀಲಿಮಣೆಯ ಮೇಲೆ ಚೆಂಡುಹೂವಿನ ಸರ. ಅದರ ಬದಿಗೆ ತಕ್ಕಡಿ, ಪೆಟ್ಟಿಗೆ ಒಡೆಯುವ ಸಬ್ಬಲು, ಸುತ್ತಿಗೆ, ಕತ್ತರಿ, ಎಲ್ಲಕ್ಕೂ ಹೂವು. ಖಂಡೇನವಮಿಯ ದಿನ ಹತ್ಯಾರ ಮುಟ್ಟುವಂತಿಲ್ಲ. ಮರುದಿನ ದಸರೆಯ ಬನ್ನಿ ಮುಡಿಯುವ ತನಕ ಅವಕ್ಕೆ ವಿಶ್ರಾಂತಿ. ನಲವತ್ತು ವರ್ಷದಲ್ಲಿ ಕಾಕಾಸಾಹೇಬರು ಆ ನೇಮ ಮುರಿದವರಲ್ಲ. ಹೌಸಾ ಹೂವಿನ ಸರ ನೋಡುತ್ತ ಕೈ ಕಟ್ಟಿ ನಿಂತಳು. ಕಾಕಾಸಾಹೇಬರು ತಾವೇ ಮುಂದೆ ಬಂದು ಸರ ಎತ್ತಿ ಬದಿಗಿಟ್ಟರು.

"ಪಾಪ ಬಂದ್ರ ನನಗ ಬರಲಿ. ಕುಂದರು."

ಕುಳಿತಳು. ತನ್ನ ಹೆಸರು ಹಾಕಿದಳು, ತನ್ನ ಗುಪ್ತ ಶಬ್ದ ಹಾಕಿದಳು. ದಿನಾ ಹೀಗೆ ಹಾಕಿದ ಕೂಡಲೇ ತೆರೆಯ ಮೇಲೆ ಒಂದು ಪಟ್ಟಿ ಬರುತ್ತಿತ್ತು: ಚೀಟಿ ಹಾಕಲು ಒಂದು ಒತ್ತು, ಗಿರಾಕಿ ನೋಡಲು ಎರಡು ಒತ್ತು, ಲಾಟು ಹುಡುಕಲು ಐದು ಒತ್ತು. ಇವತ್ತು ಪಟ್ಟಿ ಬರಲಿಲ್ಲ. ಹಸಿರು ಅಕ್ಷರದಲ್ಲಿ ಒಂದೇ ಸಾಲು ಬಂತು. ಪರ್ಮಿಶನ್ ಡಿನೈಡ್. ಅದರ ಕೆಳಗೆ ಡಾಲರ್ ಚಿಹ್ನೆಯೊಂದು ಮುಂದಿನ ಆಜ್ಞೆಗೆ ಕಾಯುತ್ತ, ಮಿಣುಕುತ್ತ ಕೂತಿತು.

"ಏನಂತದ?"

"ಪರವಾನಿಗಿ ಇಲ್ಲಂತದ್ರಿ."

"ಯಾರ ಪರವಾನಿಗಿ? ಅಂಗಡಿ ನಂದು, ಡಬ್ಬಿ ನಂದು, ನಾ ಇಲ್ಲೇ ನಿಂತೇನಿ!"

ಯಾರ ಪರವಾನಿಗೆ ಎಂಬುದು ಹೌಸಾಗೆ ಗೊತ್ತಿತ್ತು. ನಿನ್ನೆ ಸಂಜೆ ಅವಳು ಇಲ್ಲೇ ನಿಂತಿದ್ದಳು.

ಕಂಪ್ಯೂಟರು ನೋಡಿಕೊಳ್ಳುವವನು ಕೃಷ್ಣಾತ. ಪುಣೆಯಲ್ಲಿ ಕೋರ್ಸು ಮಾಡಿ ಬಂದ ಕೋವಾಡದ ಹುಡುಗ. ಅಂಗಡಿಯ ಲೆಕ್ಕ ಹುಡುಕುವ, ಛಾಪಿಸುವ ಸಣ್ಣ ಸಣ್ಣ ಆಜ್ಞೆಗಳ ಕಡತಗಳನ್ನು ಅವನೇ ಬರೆದು ಒಂದೇ ಕಡೆ ಇಟ್ಟಿದ್ದ. ಆ ಜಾಗಕ್ಕೆ ಅವನು ಇಟ್ಟ ಹೆಸರೇ 'ಹತ್ಯಾರ'. ನಿನ್ನೆ ಸಂಜೆ ಸಬ್ಬಲು ತೊಳೆಯುತ್ತಿದ್ದ ತಾತೋಬಾ ಬಾಗಿಲಲ್ಲಿ ಇಣುಕಿ ಕಾಲು ಎಳೆದಿದ್ದ, "ಕೃಷ್ಣಾತ ಸರ್, ನಮ್ಮ ಹತ್ಯಾರಕ್ಕ ರಜಾ ಆತು. ನಿಮ್ಮೂ ಆ ಡಬ್ಬಿಯೊಳಗ ಇನ್ನ ದುಡ್ಯಾಕತ್ತಾವೇನು? ಪಾಪ, ಅವಕ್ಕೂ ಒಂದ ದಿನ ಸೂಟಿ ಕೊಡ್ರಲಾ!" ಅದನ್ನು ಕೇಳಿ ಕಾಕಾಸಾಹೇಬರು ನಗಲಿಲ್ಲ. ಹೌದಲ್ಲ, ಅವೂ ಹತ್ಯಾರವೇ ಎಂದರು. ಕೃಷ್ಣಾತನಿಗೆ ಹುರುಪು ಬಂತು. ಹತ್ಯಾರದ ಪಟ್ಟಿ ತೆರೆಯ ಮೇಲೆ ತಂದು ತೋರಿಸಿದ. ಪ್ರತಿಯೊಂದರ ಮುಂದೆ ಆರ್, ಡಬ್ಲ್ಯೂ, ಎಕ್ಸ್ ಎಂಬ ಅಕ್ಷರಗಳ ಸಾಲು. "ಆರ್ ಅಂದ್ರ ಓದಾಕ ಪರವಾನಿಗಿ, ಡಬ್ಲ್ಯೂ ಅಂದ್ರ ಬರಿಯಾಕ, ಎಕ್ಸ್ ಅಂದ್ರ ಓಡಾಕ. ಎಕ್ಸ್ ತಗದ್ರ ಹತ್ಯಾರ ಮಲಗತಾವ" ಎಂದು ಒಂದೊಂದಾಗಿ ಎಕ್ಸ್ ತೆಗೆಯುತ್ತ ಹೋದ. ಎಕ್ಸ್ ಇದ್ದಲ್ಲಿ ಸಣ್ಣ ಗೆರೆ ಬಂದು ಕೂರುತ್ತಿತ್ತು. ಅರ್ಧಕ್ಕೆ ನಿಂತು, ಉಳಿದವು ಇರಲಿ ಏನ್ರಿ ಅಂದ. "ಒಂದೂ ಬಿಡಬ್ಯಾಡ. ಖಂಡೇನವಮಿಗೆ ಸೂಜಿ ಸೈತ ಬಿಡಂಗಿಲ್ಲ" ಅಂದರು ಕಾಕಾಸಾಹೇಬರು. ಕೃಷ್ಣಾತನ ಬಸ್ಸಿಗೆ ಹೊತ್ತಾಗಿತ್ತು. ಒಂದು ನಕ್ಷತ್ರದ ಗುರುತು ಒತ್ತಿ, ಅಲ್ಲಿದ್ದ ಸಕಲಕ್ಕೂ ಒಂದೇ ಏಟಿಗೆ ಎಕ್ಸ್ ತೆಗೆದು, ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ಈಗ ಅವನು ಕೋವಾಡದಲ್ಲಿದ್ದ. ಅವನ ಮನೆಗೆ ಫೋನಿಲ್ಲ. ಅಲ್ಲಿಯ ಪೋಸ್ಟಿಗೂ ಇವತ್ತು ಬೀಗ.

ಹೌಸಾ ಆ ಡಾಲರ್ ಚಿಹ್ನೆಯ ಮುಂದೆ ಎಂದೂ ಒಬ್ಬಳೇ ಕೂತವಳಲ್ಲ. ಆದರೆ ಕೃಷ್ಣಾತ ಕೂತದ್ದನ್ನು ಬದಿಯ ಕುರ್ಚಿಯಿಂದ ವರ್ಷಗಟ್ಟಲೆ ನೋಡಿದ್ದಳು. ಅವನು ಒತ್ತುತ್ತಿದ್ದಂತೆಯೇ ಒತ್ತಿ ಪಟ್ಟಿ ತಂದಳು. ಎಲ್ಲ ಸಾಲಿನಲ್ಲೂ ಎಕ್ಸ್ ಇದ್ದಲ್ಲಿ ಗೆರೆ. ಎಕ್ಸ್ ತಿರುಗಿ ಕೊಡುವ ಆಜ್ಞೆಯೂ ನಿನ್ನೆ ನೋಡಿದ್ದೇ, ಕಳೆಯುವ ಗುರುತಿನ ಬದಲು ಕೂಡಿಸುವ ಗುರುತು ಹಾಕಿದರಾಯಿತು. ಹಾಕಿದಳು. ನೀನು ಒಡತಿಯಲ್ಲ ಎಂದಿತು ಯಂತ್ರ. ಕೃಷ್ಣಾತ ಇಟ್ಟ ಕಡತಕ್ಕೆ ಕೃಷ್ಣಾತನೇ ಎಕ್ಸ್ ಕೊಡಬೇಕು.

ಇನ್ನೊಂದು ದಾರಿ ನೆನಪಾಯಿತು. ಹೊಸ ಹತ್ಯಾರ ಬರೆದಾಗ, ಅದಕ್ಕೆ ಇನ್ನೂ ಎಕ್ಸ್ ಕೊಡುವ ಮೊದಲು, ಕೃಷ್ಣಾತ ಅದರ ಹೆಸರಿನ ಮೊದಲಿಗೆ ಎಸ್ ಎಚ್ ಎಂಬ ಎರಡು ಅಕ್ಷರ ಹಾಕಿ ಓಡಿಸಿ ನೋಡುತ್ತಿದ್ದ. ಹತ್ಯಾರ ತಾನಾಗಿ ಏಳದಿದ್ದರೂ, ಓದಲು ಪರವಾನಿಗೆ ಇದ್ದರೆ, ಇನ್ನೊಬ್ಬರು ಓದಿ ಕೆಲಸ ಮಾಡಿಸಿದಂತೆ. ಹಾಗೇ ಹಾಕಿದಳು. ಲಾಟ್, ನಾಲ್ಕು ಒಂದು ಏಳು.

ಯಂತ್ರದೊಳಗೆ ಗರಗರ ಸದ್ದಾಯಿತು. ಕಾಕಾಸಾಹೇಬರು ಅವಳ ಹೆಗಲ ಮೇಲಿಂದ ಬಗ್ಗಿದರು. ಸದ್ದು ನಿಂತಿತು. ಮಾಲಿನ ಕಡತ ತೆರೆಯಲಾಗದು ಎಂಬ ಸಾಲು ಬಂತು.

ಪಟ್ಟಿಯನ್ನು ಮತ್ತೆ ತಂದು ಬೆರಳಿಟ್ಟು ಒಂದೊಂದು ಸಾಲು ಓದಿದಳು. ಕೊನೆಯ ಸಾಲಿನಲ್ಲಿ ಸಿಕ್ಕಿತು. 'ಮಾಲ್' ಎಂಬುದು ಹತ್ಯಾರವಲ್ಲ, ಅದೊಂದು ಕೋಣೆ. ಇನ್ನೂರಾ ಅರವತ್ತು ಗಿರಾಕಿಗಳ ಚೀಟಿಯೆಲ್ಲ ಇದ್ದದ್ದು ಅದರೊಳಗೆ. ಸಾಲಿನ ಮೊದಲಿಗೆ ಡಿ ಅಕ್ಷರ ಇದ್ದರೆ ಅದು ಕೋಣೆ, ಕೋಣೆಗೆ ಎಕ್ಸ್ ಅಂದರೆ ಓಡಲು ಅಲ್ಲ, ಒಳಗೆ ಕಾಲಿಡಲು ಪರವಾನಿಗೆ. ಇದನ್ನು ಕೃಷ್ಣಾತ ಒಮ್ಮೆ ಜಿನದತ್ತನಿಗೆ, ಅಂದರೆ ಕಾಕಾಸಾಹೇಬರ ಮಗನಿಗೆ, ಹೇಳುತ್ತಿದ್ದಾಗ ಅವಳು ಕೇಳಿದ್ದಳು. ನಿನ್ನೆ ಆ ನಕ್ಷತ್ರ ಒತ್ತಿದಾಗ ಹತ್ಯಾರದ ಜೊತೆಗೆ ಕೋಣೆಯ ಎಕ್ಸೂ ಹೋಗಿತ್ತು. ಅವಸರದಲ್ಲಿ ಅವನು ನೋಡಿರಲಿಲ್ಲ.

"ಕೃಷ್ಣಾತ ಸರ್ ಬೇಕ್ರಿ" ಎಂದಳು ಹೌಸಾ. ಗೋಡೆಯ ಗಡಿಯಾರದಲ್ಲಿ ಹತ್ತೂ ಹತ್ತು.

"ಜಿನದತ್ತನೂ ಬಾಹುಬಲಿ ಕ್ಷೇತ್ರಕ್ಕ ಹೋಗ್ಯಾನ. ತಾತೋಬಾ! ಏ ತಾತೋಬಾ! ಗಡಹಿಂಗ್ಲಜ ಬಸ್ಸ ಹಿಡಿ, ಅಲ್ಲಿಂದ ಕೋವಾಡ. ಕೃಷ್ಣಾತನ್ನ ಹೆಂಗಿದ್ದಾನ ಹಂಗ ಎಳಕೊಂಡ ಬಾ."

"ಉಣ್ಣಾಕ ಕುಂತಿದ್ರ?"

"ತಾಟ ಸಮೇತ ಎತ್ತಿಕೊಂಡ ಬಾ!"

ತಾತೋಬಾ ಓಡಿದ. ಬಸ್ಸು ಸಿಕ್ಕರೂ ಕೋವಾಡ ಮುಟ್ಟುವುದು ಮಧ್ಯಾಹ್ನ, ತಿರುಗಿ ಬರುವುದು ಸಂಜೆ. ಅದು ಮೂವರಿಗೂ ಗೊತ್ತಿತ್ತು. ಕಾಕಾಸಾಹೇಬರು ಫೋನಿನ ಬಳಿ ಕೂತು ನೆನಪಿದ್ದ ದೊಡ್ಡ ದವಾಖಾನೆಗಳಿಗೆ ಟ್ರಂಕ್ ಬುಕ್ ಮಾಡತೊಡಗಿದರು. ಅರ್ಜಂಟ್ ಹಾಕಿದರೂ ಒಂದೊಂದು ಕಾಲಿಗೆ ಹತ್ತು, ಹದಿನೈದು ನಿಮಿಷ. ಇಚಲಕರಂಜಿಯ ಒಬ್ಬರು ಸಿಕ್ಕರು, ಅವರಲ್ಲಿ ಬೇರೆ ಲಾಟು. ಜಯಸಿಂಗಪುರದವರು ಸಿಕ್ಕರು, ಅವರಲ್ಲಿ ಸಲೈನೇ ತೀರಿತ್ತು. ಇನ್ನೂರಾ ಅರವತ್ತರಲ್ಲಿ ಎರಡಾಯಿತು.

ಹೌಸಾ ತೆರೆಯ ಮುಂದೆ ಕೂತೇ ಇದ್ದಳು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

ಏಕೆಂದರೆ ಕೃಷ್ಣಾತನ ಗುಪ್ತ ಶಬ್ದ ಅವಳಿಗೆ ಗೊತ್ತಿತ್ತು.

ಕದ್ದು ನೋಡಬೇಕೆಂದು ನೋಡಿದ್ದಲ್ಲ. ದಿನಾ ಬೆಳಿಗ್ಗೆ ಅವನು ಕುರ್ಚಿ ಎಳೆದು ಕೂತು ಎಂಟು ಅಕ್ಷರ ಒತ್ತುತ್ತಿದ್ದ. ತೆರೆಯ ಮೇಲೆ ಅವು ಕಾಣುತ್ತಿರಲಿಲ್ಲ, ಬೆರಳು ಕಾಣುತ್ತಿದ್ದವು. ಮಾತಾಡದೆ ಕೂತವರ ಕಣ್ಣು ಎಲ್ಲಿಗಾದರೂ ಹೋಗಲೇಬೇಕಲ್ಲ, ಅವಳ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಒಂದು ದಿನ ಅತ್ತೆಯ ಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತ ಕೂತಿದ್ದಾಗ ಅವಳ ಬೆರಳು ತಾವಾಗಿ ಹಿಟ್ಟಿನ ಮೇಲೆ ಆ ಎಂಟು ಕಡೆ ಒತ್ತಿದ್ದವು. ಆಗ ತನಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಾಯಿತು, ಹೆದರಿ ಹಿಟ್ಟು ಮುದ್ದೆ ಮಾಡಿದ್ದಳು.

ಹೆದರಿಕೆಗೆ ಕಾರಣವಿತ್ತು. ಪೆಟ್ಟಿಗೆ ಕಟ್ಟುವ ಗುಂಡು ಎಂಬವನಿದ್ದ. ಕಾಕಾಸಾಹೇಬರು ತಿಜೋರಿಯ ಗಾಲಿ ತಿರುಗಿಸುವ ಅಂಕಿಗಳು ಅವನಿಗೆ ಗೊತ್ತಿವೆ ಎಂಬುದು ಹೇಗೋ ಹೊರಬಿತ್ತು. ತಿಜೋರಿಯಿಂದ ಒಂದು ಪೈಸೆಯೂ ಹೋಗಿರಲಿಲ್ಲ. ಆದರೂ ಹನ್ನೊಂದು ವರ್ಷ ದುಡಿದ ಮನುಷ್ಯನನ್ನು ಎಲ್ಲರ ಎದುರಿಗೆ ನಿಲ್ಲಿಸಿ, "ಕದ್ದಿಲ್ಲ ಅಂತೀ. ತಿಳಕೊಂಡದ್ದ ಕಳವು" ಎಂದು ಹೊರಗೆ ಹಾಕಿದ್ದರು. ಆಮೇಲೆ ಗುಂಡುವಿಗೆ ಶಾಹುಪುರಿಯಲ್ಲಿ ಯಾರೂ ಕೆಲಸ ಕೊಡಲಿಲ್ಲ. ಅವನಾದರೂ ಗಂಡಸು. ಹುಡುಗಿಯೊಬ್ಬಳು ವರ್ಷಗಟ್ಟಲೆ ಹುಡುಗನ ಕೈಯನ್ನೇ ನೋಡುತ್ತ ಕೂತಿದ್ದಳು ಅಂದರೆ ಈ ಬೀದಿ ಏನನ್ನುತ್ತದೆ, ಅತ್ತೆ ಏನನ್ನುತ್ತಾಳೆ.

ಯಾರಾದರೂ ಸಿಗುತ್ತಾರೆ ಅಂದುಕೊಂಡಳು. ಕೃಷ್ಣಾತ ತಾನೇ ಬೇಗ ಹೊರಟಿರಬಹುದು. ಆ ಲಾಟು ಎಲ್ಲ ಮೊದಲೇ ಖರ್ಚಾಗಿರಬಹುದು. ಹತ್ತೂವರೆ ಆಯಿತು. ಹತ್ತೂ ಐವತ್ತಾಯಿತು. ಕಾಕಾಸಾಹೇಬರು ಬೇಗ ಲೈನು ಜೋಡಿಸಲು ಆಪರೇಟರಿಗೆ ಮರಾಠಿಯಲ್ಲಿ ಕೈ ಮುಗಿಯುತ್ತಿದ್ದರು, "ಬಾಯಿ, ಪಾಯಾ ಪಡತೋ, ಲವಕರ ಜೋಡಾ". ಅವರ ಎದೆಯ ಸೀಟಿ ಕೋಣೆಯ ತನಕ ಕೇಳುತ್ತಿತ್ತು. ಹೌಸಾ ಎದ್ದಳು, ಬಾಗಿಲ ತನಕ ಹೋದಳು, ತಿರುಗಿ ಬಂದು ಕೂತಳು.

ಹನ್ನೊಂದೂ ಹತ್ತಕ್ಕೆ ಮತ್ತೆ ಉಸಿರು ಬಿಡದ ಗಂಟೆ. ಕಾಕಾಸಾಹೇಬರು ಎತ್ತಿದರು. ಬಹಳ ಹೊತ್ತು ಹ್ಞೂಂ ಹ್ಞೂಂ ಅಂದರು. ಫೋನು ಇಟ್ಟು ಅಲ್ಲೇ ನಿಂತರು.

"ಆ ಹುಡಿಗೀನೂ ಹೋತಂತ" ಅಂದರು. "ಒಂಬತ್ತ ವರ್ಷದ್ದಂತ."

ಹೌಸಾ ತೊಡೆಯ ಕೆಳಗಿನಿಂದ ಕೈ ತೆಗೆದಳು. ತನ್ನ ಹೆಸರಿನಿಂದ ಹೊರಬಂದು, ಕೃಷ್ಣಾತ ಎಂದು ಹೆಸರು ಹಾಕಿದಳು. ಎಂಟು ಅಕ್ಷರ ಒತ್ತಿದಳು. ಅವಸರಕ್ಕೆ ಒಂದು ಅಕ್ಷರ ಜಾರಿತು, ತಪ್ಪಾಯಿತು ಎಂದಿತು ಯಂತ್ರ. ಸೆರಗಿಗೆ ಕೈ ಒರೆಸಿಕೊಂಡಳು. ಈ ಸಲ ಕಣ್ಣು ಮುಚ್ಚಿ, ಹಿಟ್ಟಿನ ಮೇಲೆ ಒತ್ತಿದಂತೆ ಒತ್ತಿದಳು. ಡಾಲರ್ ಬಂತು. ಹಿಂದೆ ಕಾಕಾಸಾಹೇಬರು ಬಂದು ನಿಂತದ್ದು ಅವರ ಉಸಿರಿನಿಂದ ಗೊತ್ತಾಯಿತು. ಅವಳು ತಿರುಗಲಿಲ್ಲ.

ಮಾಲ್ ಎಂಬ ಕೋಣೆಗೆ ಎಕ್ಸ್ ಕೊಟ್ಟಳು. ಯಂತ್ರ ಏನೂ ಅನ್ನಲಿಲ್ಲ, ಅದು ಏನೂ ಅನ್ನದಿದ್ದರೆ ಒಪ್ಪಿತು ಎಂದು ಅರ್ಥ. ಎಸ್ ಎಚ್ ಹಾಕಿ ಲಾಟ್ ಓಡಿಸಿದಳು. ಗರಗರ ಶುರುವಾಯಿತು. ಆರು ತಿಂಗಳ ಚೀಟಿಗಳನ್ನು ಒಂದೊಂದಾಗಿ ತಿರುವುತ್ತಿತ್ತು. ಎರಡು ನಿಮಿಷ, ಮೂರು ನಿಮಿಷ, ನಾಲ್ಕು ನಿಮಿಷ. ಕೊನೆಗೆ ಬಂದದ್ದು ಹೆಸರುಗಳಲ್ಲ, ಮತ್ತೆ ಅದೇ ಸಾಲು. ಪರ್ಮಿಶನ್ ಡಿನೈಡ್.

"ಇನ್ನೂ ಯಾರ ಪರವಾನಿಗಿ ಬೇಕಂತ ಅದಕ್ಕ?" ಕಾಕಾಸಾಹೇಬರ ದನಿ ಒಡೆದಿತ್ತು.

ಹೌಸಾ ಸಾಲಿನ ಮೊದಲಲ್ಲಿದ್ದ ಹೆಸರು ಓದಿದಳು. ಈ ಸಲ ಬಾಗಿಲು ಮುಚ್ಚಿದ್ದು ಲಾಟ್ ಅಲ್ಲ, 'ಛಾಪ್'. ಲಾಟ್ ಹುಡುಕಿ ತೆಗೆದದ್ದನ್ನು ಛಾಪ್ ಎಂಬ ಇನ್ನೊಂದು ಹತ್ಯಾರದ ಕೈಗೆ ಕೊಡುತ್ತಿತ್ತು, ಅದು ಮಲಗಿತ್ತು. ಅದಕ್ಕೂ ಎಕ್ಸ್ ಕೊಟ್ಟಳು. ಅದು ಇನ್ನಾರ ಕೈಗೆ ಕೊಡುತ್ತದೋ ಎಂದು ಹೆದರಿ, ನಿನ್ನೆ ಅವನು ಒತ್ತಿದ ನಕ್ಷತ್ರವನ್ನೇ ಒತ್ತಿ, ಎಲ್ಲಕ್ಕೂ ಒಮ್ಮೆಲೇ ಎಕ್ಸ್ ತಿರುಗಿ ಕೊಟ್ಟಳು. ಮತ್ತೆ ಮೊದಲಿನಿಂದ ಗರಗರ. ಮತ್ತೆ ನಾಲ್ಕು ನಿಮಿಷ. ಅಷ್ಟರಲ್ಲಿ ಕಾಕಾಸಾಹೇಬರು ಛಾಪಿಸುವ ಯಂತ್ರದ ಮೇಲಿನ ಹೂವನ್ನೂ ಎತ್ತಿ ಇಟ್ಟಿದ್ದರು.

ಯಂತ್ರ ಕಿರುಗುಟ್ಟಿ ಕಾಗದ ಮುಂದೆ ತಳ್ಳಿತು. ಹನ್ನೊಂದು ಹೆಸರು. ಇನ್ನೂರಾ ಅರವತ್ತರಲ್ಲಿ ಹನ್ನೊಂದೇ.

ಮೊದಲನೆಯದು ಗಡಹಿಂಗ್ಲಜದ ಡಾಕ್ಟರ ಭೂಪಾಲ. ಎರಡನೆಯದು ಇಚಲಕರಂಜಿಯ ಮಗ್ಗಲಿನ ಕಬನೂರದ ಸಣ್ಣ ದವಾಖಾನೆ. ಕಾಕಾಸಾಹೇಬರ ದನಿ ಆಗಲೇ ಹೋಗಿತ್ತು, ಎರಡು ಶಬ್ದಕ್ಕೆ ಕೆಮ್ಮು ಬರುತ್ತಿತ್ತು. ಫೋನನ್ನು ಹೌಸಾಳ ಕೈಗೆ ಕೊಟ್ಟರು. ಕಾಲು ಸಿಕ್ಕಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು.

"ಬಾಬಾಸಾಹೇಬ ಕಂಪೌಂಡರ ಬೋಲತೋ. ಡಾಕ್ಟರ ಊರಾಗಿಲ್ರಿ, ಹಬ್ಬಕ್ಕ ಹೋಗ್ಯಾರ."

"ಸಲೈನ್ ನಾಲ್ಕನೂರಾ ಹದಿನೇಳ ಲಾಟು… ಯಾರಿಗೂ ಹಚ್ಚಬ್ಯಾಡ್ರಿ."

"ಏನಂದ್ರಿ ಬಾಯಾರ? ಸ್ವಲ್ಪ ಜೋರ ಹೇಳ್ರಿ, ಮಗ್ಗದ ಸಪ್ಪಳ ಇವತ್ತ ಇಲ್ಲಂದ್ರೂ ಕೇಳವಲ್ದು."

"ನಾಲ್ಕನೂರಾ ಹದಿನೇಳು! ಹಚ್ಚಬ್ಯಾಡ್ರಿ! ಕೆಟ್ಟೈತಿ ಅದು, ಮಂದಿ ಸಾಯಾಕತ್ತಾರ!" ತನ್ನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

"ಒಬ್ಬಾಕಿಗೆ ಹಚ್ಚೇನ್ರಿ. ವಾಂತಿ ಬ್ಯಾನಿ ಅಂತ ಬಂದಿದ್ಲು. ತಡೀರಿ." ಫೋನು ಮೇಜಿನ ಮೇಲೆ ಕುಕ್ಕಿದ ಸದ್ದು. ಚಪ್ಪಲಿ ಓಡಿದ ಸದ್ದು. ಬಳಿಕ ದೂರದಲ್ಲಿ ಹೆಂಗಸೊಬ್ಬಳು ಜೋರಾಗಿ ಅಳುವುದು. ಮೂರು ನಿಮಿಷ ಮುಗಿದು, ಇನ್ನೂ ಮೂರು ಬೇಕೇ ಎಂದು ಆಪರೇಟರ್ ನಡುವೆ ಬಂದಳು, "ಆಣಖೀ ತೀನ ಮಿನಿಟ?" ಹೌಸಾ "ಹೋ, ಹೋ!" ಎಂದು ಒಪ್ಪಿ ಕೂಗಿದಳು.

ಕಂಪೌಂಡರ್ ತಿರುಗಿ ಬಂದ. "ತಗದೇನ್ರಿ. ಥಂಡಿ ಹತ್ತಿಬಿಟ್ಟೈತ್ರಿ, ಹಲ್ಲ ಕಟಕಟ ಅನ್ನಾಕತ್ತಾವ. ನಾ ಮಲೇರಿಯಾ ಅಂತ ತಿಳದ ಕಂಬಳಿ ಹೊಚ್ಚಿದ್ದೆ."

"ಎಷ್ಟೊತ್ತಾತ್ರಿ ಹಚ್ಚಿ?"

"ಹನ್ನೊಂದಕ್ಕ ಹಚ್ಚೇನ್ರಿ. ಮುಕ್ಕಾಲ ಬಾಟ್ಲಿ ಹೋಗೇತಿ."

ಹನ್ನೊಂದಕ್ಕೆ. ಹನ್ನೊಂದಕ್ಕೆ ಹೌಸಾ ಬಾಗಿಲ ತನಕ ಹೋಗಿ ತಿರುಗಿ ಬಂದು ಕೂತಿದ್ದಳು.

ಆದರೆ ಪಟ್ಟಿಯಲ್ಲಿ ಇನ್ನೂ ಒಂಬತ್ತು ಹೆಸರಿದ್ದವು. ಕಾಕಾಸಾಹೇಬರು ಕಬನೂರದವಳನ್ನು ಜೀಪಿನಲ್ಲಿ ಕೊಲ್ಹಾಪುರದ ದೊಡ್ಡ ದವಾಖಾನೆಗೆ ತರುವಂತೆ ಕಂಪೌಂಡರನಿಗೆ ಹೇಳಿಸಿದರು. ಮುಂದಿನದು, ಅದರ ಮುಂದಿನದು. ಕೆಲವರು ಬಾಟ್ಲಿ ಒಡೆದೇ ಇರಲಿಲ್ಲ. ಒಬ್ಬರು ಸೂಜಿ ಚುಚ್ಚಲು ಕೈ ಹಿಡಿದಿದ್ದರು. ಕೊನೆಯದಕ್ಕೆ ಫೋನಿರಲಿಲ್ಲ, ಪೋಲೀಸ್ ಠಾಣೆಗೆ ಹೇಳಿ ಹವಾಲ್ದಾರನನ್ನು ಸೈಕಲ್ ಮೇಲೆ ಓಡಿಸಿದರು. ಹವಾಲ್ದಾರ ಮರಳಿ ಫೋನು ಮಾಡಿ, ಪೆಟ್ಟಿಗೆ ಜಪ್ತಿ ಮಾಡಿದೆ ಅಂದಾಗ ಮಧ್ಯಾಹ್ನ ಎರಡಾಗಿತ್ತು.

ಕಾಕಾಸಾಹೇಬರು ಗೋಡೆಗೆ ಒರಗಿ ನೆಲದ ಮೇಲೆಯೇ ಕೂತರು.

"ಕೃಷ್ಣಾತನ ಶಬ್ದ ನಿನಗ ಯಾವಾಗಿಂದ ಗೊತ್ತು?"

"ವರ್ಷ ಆತ್ರಿ."

"ಹತ್ತ ಗಂಟೇಕ್ಕೂ ಗೊತ್ತಿತ್ತು."

"ಗೊತ್ತಿತ್ರಿ."

"ಮತ್ತ ಯಾಕ ಸುಮ್ನ ಕುಂತಿ? ಒಂದ ತಾಸ, ಹೌಸಾ. ಒಂದ ತಾಸ!"

ಹೌಸಾ ನೆಲ ನೋಡಿದಳು. "ಗುಂಡಣ್ಣನ್ನ ನೀವು ಹೊರಗ ಹಾಕಿದ್ರಿ."

ಕಾಕಾಸಾಹೇಬರು ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಕೊನೆಗೆ, ಅವಳ ಮುಖ ನೋಡದೆ, "ಜೀಪು ಬಂದಿರಬೇಕು. ದವಾಖಾನಿಗೆ ಹೋಗು. ಲಾಟಿನ ನಂಬರ ಒಂದ ಚೀಟ್ಯಾಗ ಬರದ ಅಲ್ಲಿ ಡಾಕ್ಟರಗ ತೋರಸು. ನನಗ ಅಲ್ಲಿ ಮೆಟ್ಟಲಾ ಹತ್ತಾಕ ಆಗೂದಿಲ್ಲ" ಎಂದರು.

ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ಕಬನೂರದವಳು ಬಾಗಿಲ ಬದಿಯ ಮಂಚದ ಮೇಲಿದ್ದಳು. ಹೆಸರು ಪಾರುಬಾಯಿ, ಹೌಸಾಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಮಗ್ಗ ನಡೆಸುವವನು, ಔಷಧದ ಚೀಟಿ ಹಿಡಿದು ಕೆಳಗೆ ಹೋಗಿದ್ದ. ಮಂಚ ಇನ್ನೂ ಸಣ್ಣಗೆ ಅಲುಗುತ್ತಿತ್ತು. ಹೌಸಾ ಚೀಟಿ ತೋರಿಸಿದಳು. ಡಾಕ್ಟರು ಓದಿ ನರ್ಸಿಗೆ ಏನೋ ಹೇಳಿ, ಇಂಜೆಕ್ಷನ್ ಬದಲಿಸಿ ಹೋದರು. ಕಾಲ್ದೆಸೆಯಲ್ಲಿ ಕೂತಿದ್ದ ಪಾರುಬಾಯಿಯ ಅತ್ತೆ ಧೊಂಡುಬಾಯಿ ಹೌಸಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಫೋನ ಮಾಡಿದಾಕಿ ನೀನ ಏನ ತಂಗಿ?"

"ಹೌದ್ರಿ ಅವ್ವಾ."

ಧೊಂಡುಬಾಯಿ ಎರಡೂ ಕೈಯಿಂದ ಅವಳ ಕೆನ್ನೆ ಸವರಿ ಲಟಿಕೆ ಮುರಿದಳು. "ನನ್ನ ಸೊಸೀ ಜೀವಾ ಉಳಿಸಿದಿ ತಾಯೀ. ನೀ ಒಂದ ಗಳಿಗಿ ತಡಾ ಮಾಡಿದ್ರ ಬಾಟ್ಲಿ ಪೂರಾ ಹೋಗತಿತ್ತು ಅಂದ ಕಂಪೌಂಡರ. ನಿನ್ನ ಹೊಟ್ಟಿ ತಣ್ಣಗಿರಲಿ. ಯಾರ ಮಗಳ ನೀ?"

ಹೌಸಾಗೆ ಆ ಕೈಗಳ ಬಿಸಿ ತಡೆಯಲಾಗಲಿಲ್ಲ. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಇವತ್ತು ಸುಮ್ಮನಿದ್ದುದರಿಂದ ಏನಾಯಿತು ಎಂಬುದು ಕಣ್ಣೆದುರು ಮಲಗಿತ್ತು.

"ನನಗ ಹತ್ತಕ್ಕ ಗೊತ್ತಿತ್ರಿ" ಎಂದಳು. "ನಿಮ್ಮೂರ ಹೆಸರ ಪಟ್ಟಿಯೊಳಗ ತಗಿಯೂ ದಾರಿ ಹತ್ತಕ್ಕ ಗೊತ್ತಿತ್ತು. ಬಾಟ್ಲಿ ಹಚ್ಚೂಕಿಂತ ಮೊದಲ. ಕೆಲಸ ಹೋಗತೈತಿ, ಮಂದಿ ಏನೇನ ಅಂತಾರ ಅಂತ ಅಂಜಿ ಕುಂತೆ. ಗಡಹಿಂಗ್ಲಜದ ಹುಡಿಗಿ ಹೋದ ಸುದ್ದಿ ಬಂದಮ್ಯಾಲ ಎದ್ದೆ."

ಧೊಂಡುಬಾಯಿ ಕೈ ಹಿಂದೆ ತೆಗೆದುಕೊಂಡಳು. ಸೊಸೆಯ ಕಂಬಳಿ ಸರಿ ಮಾಡಿದಳು, ಮತ್ತೆ ಸರಿ ಮಾಡಿದಳು. ಪಾ‌ರುಬಾಯಿ ಹಲ್ಲು ಕಚ್ಚಿದ್ದಲ್ಲಿಂದಲೇ ಏನೋ ಮುಲುಗಿದಳು, ಯಾರಿಗೂ ತಿಳಿಯಲಿಲ್ಲ. ಬದಿಯ ಮಂಚದವರು ಇತ್ತ ನೋಡುತ್ತಿದ್ದರು. ಹೌಸಾ ಗೋಡೆಗೆ ಹತ್ತಿ ನಿಂತಳು. ಹೋಗು ಅನ್ನಲಿ, ಬಯ್ಯಲಿ, ಹೊಡೆಯಲಿ ಎಂದು ಕಾದಳು. ಮುದುಕಿ ಅವಳ ಕಡೆ ತಿರುಗಲಿಲ್ಲ.

ನಾಲ್ಕೂವರೆಯಾಯಿತು. ನರ್ಸು ಬಂದು ಪಾರುಬಾಯಿಯ ಬಗಲಲ್ಲಿ ಥರ್ಮಾಮೀಟರು ಇಟ್ಟು ನೋಡಿ, ಮಂಚಕ್ಕೆ ತೂಗುಹಾಕಿದ ರಟ್ಟಿನ ಮೇಲೆ ಬರೆದು ಹೋದಳು. ಧೊಂಡುಬಾಯಿ ಆ ರಟ್ಟನ್ನು ನೋಡಿದಳು, ಆಮೇಲೆ ಹೌಸಾಳನ್ನು ನೋಡಿದಳು.

"ನಿನಗ ಓದಾಕ ಬರತೈತಿ?"

"ಬರತೈತ್ರಿ."

"ಇಲ್ಲಿ ಕೇಳಿದ್ರ ಎಲ್ಲಾರೂ ಬರೇ ಠೀಕ ಆಹೇ, ಠೀಕ ಆಹೇ ಅಂತಾರ. ನನಗ ಖರೇ ಬೇಕು. ಓದು ಅದನ್ನ."

ಹೌಸಾ ರಟ್ಟಿನ ಹತ್ತಿರ ಬಗ್ಗಿದಳು. "ಎರಡೂವರಿಗೆ ನೂರಾ ಐದು. ಮೂರೂವರಿಗೆ ನೂರಾ ನಾಲ್ಕ ಪಾಯಿಂಟ ಎಂಟು. ನಾಲ್ಕೂವರಿಗೆ ನೂರಾ ನಾಲ್ಕು."

"ಇಳಿದೈತೋ ಏರೇತೋ?"

"ಒಂದ ಡಿಗ್ರಿ ಇಳಿದೈತ್ರಿ. ಒಂದ ಅಷ್ಟ."

"ಮುಂದಿಂದು?"

"ಮುಂದಿನ ಖಾನೆ ಖಾಲಿ ಐತ್ರಿ. ಇನ್ನ ಬರದಿಲ್ಲ."

ಧೊಂಡುಬಾಯಿ ಕಾಲು ಸರಿಸಿ ಮಂಚದ ತುದಿಯಲ್ಲಿ ಒಂದು ಗೇಣು ಜಾಗ ಮಾಡಿದಳು. "ಹಂಗಾರ ಕುಂದರು, ಬರಿಯೂತನಕ. ಏರಿದ್ರೂ ಹೇಳಬೇಕು ಮತ್ತ. ಮುಚ್ಚಿಡಬಾರದು."

ಹೌಸಾ ಕೂತಳು. ಕಂಬಳಿಯ ಕೆಳಗೆ ಪಾರುಬಾಯಿಯ ಕಾಲು ಅವಳ ಬೆನ್ನಿಗೆ ತಾಗಿ ನಡುಗುತ್ತಿತ್ತು. ಹೌಸಾ ಸರಿಯಲಿಲ್ಲ. ಬಾಗಿಲ ಕಡೆ, ನರ್ಸು ಬರುವ ದಾರಿಯ ಕಡೆ ನೋಡುತ್ತ ಕೂತಳು.